ಗರ್ಭದ್ರವದ ಹಳದಿ: ವಿಲಿಯಂ ಲೈಲಿ ಮತ್ತು ಆರ್‌ಎಚ್ ವ್ಯಾಧಿಯ ಚಿಕಿತ್ಸೆಯ ಇತಿಹಾಸ

1963ರ ಸೆಪ್ಟೆಂಬರ್ 20ರಂದು ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆಯಲ್ಲಿ ಇನ್ನೂ ಜನಿಸದ ಶಿಶುವೊಂದಕ್ಕೆ ತಾಯಿಯ ಗರ್ಭದಲ್ಲಿರುವಾಗಲೇ ರಕ್ತವನ್ನು ನೀಡಲಾಯಿತು. ಶಿಶು ಬದುಕಿತು. ಚಿಕಿತ್ಸೆ ನೀಡಿದವರು ಮೂವತ್ತನಾಲ್ಕು ವರ್ಷದ ಆಲ್ಬರ್ಟ್ ವಿಲಿಯಂ ಲೈಲಿ. ವೈದ್ಯವಿಜ್ಞಾನದ ಇತಿಹಾಸವನ್ನು ಕುರಿತ ಗ್ರಂಥಗಳು ಈ ಘಟನೆಯನ್ನು ಗರ್ಭಸ್ಥ ಶಿಶುವು ಮೊದಲ ಬಾರಿಗೆ ರೋಗಿಯಾದ ದಿನವೆಂದು ದಾಖಲಿಸುತ್ತವೆ. ಅದು ತಪ್ಪಲ್ಲ. ಆದರೆ ಸೂಜಿಯ ಸಾಹಸವನ್ನೇ ಮುಂದಿಟ್ಟುಕೊಂಡು ಹೇಳುವ ಈ ಕಥನದಲ್ಲಿ, ಅದಕ್ಕೆ ಎರಡು ವರ್ಷ ಮೊದಲು, 1961ರಲ್ಲಿ, ಅಮೆರಿಕದ ಪ್ರಸೂತಿಶಾಸ್ತ್ರದ ಪತ್ರಿಕೆಯೊಂದರಲ್ಲಿ ಲೈಲಿ ಪ್ರಕಟಿಸಿದ ಪ್ರಬಂಧವು ಹಿಂದೆ ಸರಿದುಬಿಡುತ್ತದೆ. ಅದರಲ್ಲಿದ್ದುದು ಒಂದು ಮಾಪನ ಮತ್ತು ಒಂದು ನಕ್ಷೆ. ಲೈಲಿಯವರ ನಿಜವಾದ ಸಾಧನೆ ಆ ನಕ್ಷೆಯೇ ಎಂಬುದು, ರಕ್ತಪೂರಣದ ಸಾಹಸವು ಆ ನಕ್ಷೆಯಿಂದ ಅನಿವಾರ್ಯವಾಗಿ ಹುಟ್ಟಿದ್ದು ಎಂಬುದು ಈ ಲೇಖನದ ಪ್ರತಿಪಾದನೆ.

ವ್ಯಾಧಿಯ ಸ್ವರೂಪವನ್ನು ಮೊದಲು ಗಮನಿಸಬೇಕು. ಕೆಂಪು ರಕ್ತಕಣದ ಮೇಲ್ಮೈಯಲ್ಲಿ ‘ಡಿ’ ಎಂಬ ಪ್ರತಿಜನಕ ಇರುವವರನ್ನು ಆರ್‌ಎಚ್ ಪಾಸಿಟಿವ್ ಎಂದೂ ಇಲ್ಲದವರನ್ನು ಆರ್‌ಎಚ್ ನೆಗೆಟಿವ್ ಎಂದೂ ಕರೆಯುತ್ತಾರೆ. ಯುರೋಪ್ ಮೂಲದ ಜನರಲ್ಲಿ ಶೇ. 15ರಷ್ಟು ಮಂದಿ ನೆಗೆಟಿವ್ ಆಗಿದ್ದರೆ, ಭಾರತದಲ್ಲಿ ಈ ಪ್ರಮಾಣ ಸುಮಾರು ಶೇ. 5. ತಾಯಿ ನೆಗೆಟಿವ್ ಆಗಿದ್ದು, ತಂದೆಯಿಂದ ಬಂದ ಗುಣದಿಂದ ಶಿಶು ಪಾಸಿಟಿವ್ ಆಗಿದ್ದಲ್ಲಿ, ಹೆರಿಗೆಯ ಸಮಯದಲ್ಲಿ ಶಿಶುವಿನ ಸ್ವಲ್ಪ ರಕ್ತ ತಾಯಿಯ ರಕ್ತಕ್ಕೆ ಸೇರಿ, ತಾಯಿಯ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಲು ಕಲಿಯುತ್ತದೆ. ಕಲಿಕೆ ಮುಗಿಯುವ ವೇಳೆಗೆ ಮೊದಲ ಮಗು ಹೊರಬಂದಿರುತ್ತದೆ, ಅದಕ್ಕೆ ಅಪಾಯವಿಲ್ಲ. ಮುಂದಿನ ಬಸಿರಿನಲ್ಲಿ ಪ್ರತಿಕಾಯಗಳು ಮಾಸನ್ನು ದಾಟಿ ಶಿಶುವಿನ ಕೆಂಪು ಕಣಗಳನ್ನು ನಾಶಗೊಳಿಸುತ್ತವೆ. ಆದುದರಿಂದಲೇ ಈ ವ್ಯಾಧಿಗೆ ಒಂದು ಕ್ರೂರವಾದ ಕ್ರಮವಿದೆ: ಮೊದಲನೆಯದು ಆರೋಗ್ಯವಂತ ಮಗು, ಎರಡನೆಯದಕ್ಕೆ ಕಾಮಾಲೆ, ಮೂರನೆಯದು ಗರ್ಭದಲ್ಲಿಯೇ ಸಾವು, ನಾಲ್ಕನೆಯದೂ ಹಾಗೆಯೇ.

ಮಕ್ಕಳು ‘ನಿಲ್ಲದ’ ಮನೆಗಳಲ್ಲಿ ಬದುಕುಳಿದ ಕೂಸಿಗೆ ತಿಪ್ಪ, ಗುಂಡ, ಕಲ್ಲ ಎಂದು ಹೆಸರಿಡುತ್ತಿದ್ದ ನಮ್ಮ ನಾಡಿನ ರೂಢಿಯನ್ನು ಬಲ್ಲವರಿಗೆ ಇಂತಹ ಸಾವಿನ ಸಾಲು ಅಪರಿಚಿತವೇನಲ್ಲ. ಆ ಸಾವುಗಳಿಗೆ ಹತ್ತಾರು ಕಾರಣಗಳಿದ್ದವು. ಅವುಗಳಲ್ಲಿ ಇದೂ ಒಂದಾಗಿದ್ದಿರಬೇಕು ಎನ್ನುವುದಕ್ಕಿಂತ ಹೆಚ್ಚು ಹೇಳಲಾಗದು.

ವ್ಯಾಧಿಯ ಲಕ್ಷಣಗಳನ್ನು ಬಹಳ ಹಿಂದೆಯೇ ಗುರುತಿಸಿದವರು ಒಬ್ಬ ಸೂಲಗಿತ್ತಿ ಎಂಬುದು ಸ್ವಾರಸ್ಯಕರ. ಫ್ರಾನ್ಸಿನ ರಾಜಮನೆತನದ ಸೂಲಗಿತ್ತಿಯಾಗಿದ್ದ ಲೂಯಿಸ್ ಬೂರ್ಜ್ವಾ 1609ರಲ್ಲಿ ಅವಳಿ ಮಕ್ಕಳ ಜನನವೊಂದನ್ನು ವರ್ಣಿಸುತ್ತಾಳೆ. ಒಂದು ಕೂಸು ಮೈಯೆಲ್ಲ ನೀರು ತುಂಬಿ ಊದಿಕೊಂಡು ಹುಟ್ಟಿತು, ಇನ್ನೊಂದು ಕಾಮಾಲೆಗೆ ತುತ್ತಾಯಿತು, ಎರಡೂ ಉಳಿಯಲಿಲ್ಲ. ಊತ ಮತ್ತು ಕಾಮಾಲೆ ಒಂದೇ ರೋಗದ ಎರಡು ಮುಖಗಳೆಂದು ನಿಶ್ಚಯವಾಗಲು ಮುನ್ನೂರಕ್ಕೂ ಹೆಚ್ಚು ವರ್ಷಗಳು ಬೇಕಾದವು. 1932ರಲ್ಲಿ ಬಾಸ್ಟನ್ನಿನ ಲೂಯಿ ಡೈಮಂಡ್, ಕೆನೆತ್ ಬ್ಲ್ಯಾಕ್‌ಫ್ಯಾನ್ ಹಾಗೂ ಜೇಮ್ಸ್ ಬೇಟಿ ನವಜಾತ ಶಿಶುವಿನ ಊತ, ತೀವ್ರ ಕಾಮಾಲೆ ಮತ್ತು ರಕ್ತಹೀನತೆಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿದರು.

ಕಾರಣವನ್ನು ಊಹಿಸಿದವರಲ್ಲಿ ರೂತ್ ಡ್ಯಾರೋ ಅವರಿಗೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿಯಾಗಿ ಸಂದಿಲ್ಲ. ಷಿಕಾಗೋ ನಗರದ ರೋಗಶಾಸ್ತ್ರಜ್ಞೆಯಾಗಿದ್ದ ಆಕೆ ತಮ್ಮದೇ ಶಿಶುವನ್ನು ಈ ವ್ಯಾಧಿಯಿಂದ ಕಳೆದುಕೊಂಡಿದ್ದರು. 1938ರ ಪ್ರಬಂಧದಲ್ಲಿ ಅವರು, ಶಿಶುವಿನ ರಕ್ತದ ಯಾವುದೋ ಅಂಶದ ವಿರುದ್ಧ ತಾಯಿಯ ದೇಹ ಪ್ರತಿಕಾಯ ತಯಾರಿಸಿ ಅದು ಮಾಸನ್ನು ದಾಟಿ ಶಿಶುವನ್ನು ಘಾಸಿಗೊಳಿಸುತ್ತದೆ ಎಂದು ತರ್ಕಿಸಿದರು. ಆ ಅಂಶ ಭ್ರೂಣದ ಹಿಮೋಗ್ಲೋಬಿನ್ ಇರಬಹುದೆಂಬ ಅವರ ಊಹೆ ತಪ್ಪಾಯಿತು. ಉಳಿದ ತರ್ಕವೆಲ್ಲ ಸರಿಯಾಗಿತ್ತು. ಮರುವರ್ಷ ಫಿಲಿಪ್ ಲೆವಿನ್ ಹಾಗೂ ರೂಫಸ್ ಸ್ಟೆಟ್ಸನ್, ಮೃತಶಿಶುವನ್ನು ಹೆತ್ತ ತಾಯಿಯೊಬ್ಬಳಿಗೆ ಗಂಡನ ರಕ್ತ ನೀಡಿದಾಗ ಉಂಟಾದ ತೀವ್ರ ಪ್ರತಿಕ್ರಿಯೆಯನ್ನು ಪರಿಶೀಲಿಸಿ, ಆಕೆಯ ರಕ್ತದಲ್ಲಿ ಆ ಪ್ರತಿಕಾಯವನ್ನು ಕಂಡುಹಿಡಿದರು. ಆದರೆ ಅವರು ಅದಕ್ಕೆ ಹೆಸರಿಡಲಿಲ್ಲ. 1940ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಮತ್ತು ಅಲೆಕ್ಸಾಂಡರ್ ವೀನರ್ ರೀಸಸ್ ಕೋತಿಯ ರಕ್ತದಿಂದ ಪಡೆದ ಪ್ರತಿರಕ್ತಸಾರದ ಆಧಾರದಿಂದ ‘ಆರ್‌ಎಚ್’ ಎಂಬ ಹೆಸರನ್ನು ಕೊಟ್ಟರು. ರೀಸಸ್ ಎಂಬುದು ಉತ್ತರ ಭಾರತದ ಕೋತಿ, ನಮ್ಮ ದಕ್ಷಿಣದ ಗುಡಿಗೋಪುರಗಳ ಕೋತಿಯ ಹತ್ತಿರದ ಸಂಬಂಧಿ. ಆ ರಕ್ತಸಾರ ಗುರುತಿಸುತ್ತಿದ್ದುದು ‘ಡಿ’ಯನ್ನಲ್ಲ, ಬೇರೊಂದು ಪ್ರತಿಜನಕವನ್ನು ಎಂದು ಅನಂತರ ತಿಳಿದುಬಂದಿತು. ಅಷ್ಟರಲ್ಲಿ ಹೆಸರು ಊರಿಹೋಗಿತ್ತು. ಕೋತಿಗೆ ಸಂಬಂಧವಿಲ್ಲದ ಗುಣವು ಕೋತಿಯ ಹೆಸರನ್ನೇ ಹೊತ್ತು ಇಂದಿಗೂ ನಡೆದಿದೆ. ಈ ಪ್ರತಿಕಾಯವೇ ನವಜಾತ ಶಿಶುವಿನ ವ್ಯಾಧಿಗೆ ಕಾರಣವೆಂದು ಲೆವಿನ್ ಮತ್ತು ಸಂಗಡಿಗರು 1941ರಲ್ಲಿ ಸ್ಥಾಪಿಸಿದರು.

ಜನಿಸಿದ ಮಗುವಿಗೆ ಚಿಕಿತ್ಸೆ ಬೇಗನೆ ದೊರಕಿತು. ಗರ್ಭದಲ್ಲಿರುವಾಗ ಒಡೆದ ರಕ್ತಕಣಗಳಿಂದ ಹುಟ್ಟಿದ ಬಿಲಿರುಬಿನ್ ಎಂಬ ಹಳದಿ ವರ್ಣಕ ಮಾಸಿನ ಮೂಲಕ ತಾಯಿಗೆ ಸಾಗಿ ಹೋಗುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಆ ದಾರಿ ಮುಚ್ಚುತ್ತದೆ. ಕೆಲವೇ ಗಂಟೆಗಳಲ್ಲಿ ಮಗು ಹಳದಿಗಟ್ಟುತ್ತದೆ, ವರ್ಣಕ ಮೆದುಳಿಗೆ ಇಳಿದರೆ ಸಾವು, ಇಲ್ಲವೆ ಕಿವುಡು ಮತ್ತು ಅಂಗವೈಕಲ್ಯ. ಮಗುವಿನ ರಕ್ತವನ್ನು ಸ್ವಲ್ಪಸ್ವಲ್ಪವಾಗಿ ತೆಗೆದು ಬೇರೆ ರಕ್ತ ತುಂಬುವ ವಿನಿಮಯ ರಕ್ತಪೂರಣವನ್ನು 1940ರ ದಶಕದಲ್ಲಿ ಹ್ಯಾರಿ ವಾಲರ್‌ಸ್ಟೈನ್ ಮೊದಲಾದವರು ರೂಢಿಗೆ ತಂದರು. ಡೈಮಂಡ್ ಅದನ್ನು ಹೊಕ್ಕುಳಿನ ಅಭಿಧಮನಿಯ ಮೂಲಕ ಮೃದುವಾದ ನಳಿಕೆಯಿಂದ ನಡೆಸುವ ಸುಲಭ ಕ್ರಮವನ್ನು ರೂಪಿಸಿದರು. ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ, ಬಿಸಿಲಿಗೆ ಒಡ್ಡಿದ ಕೂಸುಗಳ ಹಳದಿ ಮಾಸುವುದನ್ನು ದಾದಿಯೊಬ್ಬರು ಗಮನಿಸಿದ್ದರಿಂದ ಬೆಳಕಿನ ಚಿಕಿತ್ಸೆ ಹುಟ್ಟಿ 1958ರಲ್ಲಿ ಪ್ರಕಟವಾಯಿತು. ಬಾಣಂತಿಯ ಕೋಣೆಯಲ್ಲಿ ಎಳೆಬಿಸಿಲಿಗೆ ಕೂಸನ್ನು ಹಿಡಿಯುವುದು ನಮ್ಮ ಅಜ್ಜಿಯರಿಗೂ ಗೊತ್ತಿತ್ತಾದರೂ ಅದರ ವರ್ಣಕವಿಜ್ಞಾನ ಗೊತ್ತಿರಲಿಲ್ಲ.

ಹೀಗಿದ್ದರೂ ಹುಟ್ಟುವ ಮೊದಲೇ ಸಾಯುತ್ತಿದ್ದ ಶಿಶುಗಳ ಬಗ್ಗೆ ಏನೂ ಮಾಡಲು ಸಾಧ್ಯವಿರಲಿಲ್ಲ. ಪ್ರಸೂತಿತಜ್ಞನ ಕೈಯಲ್ಲಿದ್ದ ಉಪಾಯ ಒಂದೇ: ದಿನ ತುಂಬುವ ಮೊದಲೇ ಹೆರಿಗೆ ಮಾಡಿಸುವುದು. ಆದರೆ ಯಾವ ವಾರದಲ್ಲಿ? ಬೇಗನೆ ಹೆರಿಗೆ ಮಾಡಿಸಿದರೆ ಬಲಿಯದ ಶ್ವಾಸಕೋಶದ ಮಗು ಉಸಿರಾಡಲಾರದೆ ಸಾಯುತ್ತದೆ. ಕಾದರೆ ರಕ್ತಹೀನತೆಯಿಂದ ಗರ್ಭದಲ್ಲಿಯೇ ಸಾಯುತ್ತದೆ. ತೀರ್ಮಾನಕ್ಕೆ ಆಧಾರವಾಗಿದ್ದುದು ತಾಯಿಯ ರಕ್ತದಲ್ಲಿನ ಪ್ರತಿಕಾಯದ ಪ್ರಮಾಣ ಮತ್ತು ಹಿಂದಿನ ಮಕ್ಕಳ ಗತಿ ಮಾತ್ರ. ಎರಡೂ ನಂಬಲರ್ಹವಲ್ಲ. ತಂದೆಯಲ್ಲಿ ಎರಡು ಬಗೆಯ ಗುಣಾಣುಗಳೂ ಇದ್ದರೆ ಈ ಬಾರಿಯ ಶಿಶು ನೆಗೆಟಿವ್ ಆಗಿಯೂ ಇರಬಹುದು. ಅದನ್ನು ಅಕಾಲದಲ್ಲಿ ಹೊರತೆಗೆದು ಕೊಂದರೆ ಅದು ವೈದ್ಯನೇ ತಂದ ಸಾವು. ಪ್ರಸೂತಿಗೃಹಗಳಲ್ಲಿ ದಿನನಿತ್ಯ ಎದುರಾಗುತ್ತಿದ್ದ ಈ ಇಕ್ಕಟ್ಟನ್ನು ಅರಿಯದೆ ಲೈಲಿಯವರ ನಕ್ಷೆಯ ಬೆಲೆ ತಿಳಿಯುವುದಿಲ್ಲ.

ಲೈಲಿ ಹುಟ್ಟಿದ್ದು 1929ರಲ್ಲಿ, ಆಕ್ಲೆಂಡಿನಲ್ಲಿ. ಒಟಾಗೋ ವಿಶ್ವವಿದ್ಯಾಲಯದಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದಾಗಲೇ ನರಕ್ರಿಯಾಶಾಸ್ತ್ರಜ್ಞ ಜಾನ್ ಎಕ್ಲ್ಸ್ ಅವರ ಪ್ರಯೋಗಾಲಯ ಅವರನ್ನು ಸೆಳೆಯಿತು; ಅನಂತರ ಅದೇ ಗುರುವಿನೊಡನೆ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಕೆಲಸ ಮಾಡಿದರು. ಇಲಿಯ ವಪೆಯ ಸ್ನಾಯುವಿಗೆ ನರವು ಕೂಡುವ ತಾಣದಲ್ಲಿ ತಾನಾಗಿ ಉಂಟಾಗುವ ಅತಿಸೂಕ್ಷ್ಮ ವಿದ್ಯುತ್ ಮಿಡಿತಗಳನ್ನು ಅಳೆದು ಅವರು 1956ರಲ್ಲಿ ಪ್ರಕಟಿಸಿದ ಪ್ರಬಂಧಗಳನ್ನು ಆ ಕ್ಷೇತ್ರದವರು ಇಂದಿಗೂ ಉಲ್ಲೇಖಿಸುತ್ತಾರೆ. ಎಕ್ಲ್ಸ್ ಅವರಿಗೆ ನೊಬೆಲ್ ಪಾರಿತೋಷಕ ದೊರೆತದ್ದು 1963ರಲ್ಲಿ, ಶಿಷ್ಯನು ಗರ್ಭದಲ್ಲಿ ರಕ್ತ ನೀಡಿದ ವರ್ಷದಲ್ಲಿಯೇ. ಶಿಷ್ಯನು ಆ ಹೊತ್ತಿಗೆ ನರಶಾಸ್ತ್ರವನ್ನು ಬಿಟ್ಟು ಪ್ರಸೂತಿಶಾಸ್ತ್ರಕ್ಕೆ ಬಂದು ಐದಾರು ವರ್ಷಗಳಾಗಿದ್ದವು. ಕ್ಷೇತ್ರ ಬದಲಾದರೂ ಅಭ್ಯಾಸ ಬದಲಾಗಲಿಲ್ಲ. ಕ್ಷೀಣವಾದ ಸಂಕೇತವೊಂದನ್ನು ಗದ್ದಲದ ನಡುವಿನಿಂದ ಬೇರ್ಪಡಿಸಿ ಅಳೆಯುವ ಶಿಸ್ತನ್ನು ಅವರು ಪ್ರಯೋಗಾಲಯದಿಂದ ಹೆರಿಗೆ ಆಸ್ಪತ್ರೆಗೆ ಕೊಂಡೊಯ್ದರು.

ಶಿಶುವನ್ನು ಸುತ್ತುವರಿದ ಗರ್ಭದ್ರವದ ಹಳದಿಗೂ ರೋಗದ ತೀವ್ರತೆಗೂ ಸಂಬಂಧವಿದೆ ಎಂಬುದನ್ನು ಮೊದಲು ತೋರಿಸಿದವರು ಲೈಲಿಯಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಡಗ್ಲಸ್ ಬೆವಿಸ್ 1952ರಲ್ಲಿಯೇ ಇದನ್ನು ವರದಿ ಮಾಡಿದ್ದರು. ಅನಂತರ ವರ್ಣಪಟಲ ಮಾಪಕವನ್ನೂ ಬಳಸಿದರು. ಲೈಲಿ ಈ ಋಣವನ್ನು ಮರೆಮಾಚಲಿಲ್ಲ. ಅವರು ಮಾಡಿದ್ದೇನೆಂದರೆ ಆ ಸಂಬಂಧಕ್ಕೆ ಕಾಲದ ಆಯಾಮವನ್ನು ಸೇರಿಸಿದ್ದು. ದ್ರವದ ಮೂಲಕ ಬೆಳಕನ್ನು ಹಾಯಿಸಿ, ಬೇರೆಬೇರೆ ತರಂಗಾಂತರಗಳಲ್ಲಿ ಎಷ್ಟು ಹೀರಲ್ಪಡುತ್ತದೆ ಎಂದು ಗುರುತಿಸಿದರೆ ನಯವಾಗಿ ಇಳಿಯುವ ಒಂದು ರೇಖೆ ಬರುತ್ತದೆ. ಬಿಲಿರುಬಿನ್ ಇದ್ದರೆ 450 ನ್ಯಾನೊಮೀಟರ್ ಬಳಿ ಆ ರೇಖೆಯ ಮೇಲೆ ಗೂನು ಏಳುತ್ತದೆ. ಗೂನಿನ ಎತ್ತರವೇ ಮಾಪನ. ಆದರೆ ಆರೋಗ್ಯವಂತ ಬಸಿರಿನಲ್ಲಿಯೂ ಸ್ವಲ್ಪ ವರ್ಣಕವಿದ್ದು, ವಾರಗಳು ಕಳೆದಂತೆ ಅದು ಕಡಿಮೆಯಾಗುತ್ತ ಹೋಗುತ್ತದೆ. ಆದುದರಿಂದ ಇಪ್ಪತ್ತೊಂಬತ್ತನೆಯ ವಾರದಲ್ಲಿ ನಿರಪಾಯವಾದ ಎತ್ತರವು ಮೂವತ್ತೈದನೆಯ ವಾರದಲ್ಲಿ ಅಪಾಯದ ಸೂಚನೆಯಾಗಬಹುದು. ಲೈಲಿ ಗರ್ಭಧಾರಣೆಯ ವಾರಗಳನ್ನು ಅಡ್ಡಲಾಗಿಯೂ ಗೂನಿನ ಎತ್ತರವನ್ನು ಲಾಗರಿದಮ್ ಮಾಪಕದಲ್ಲಿ ಲಂಬವಾಗಿಯೂ ಗುರುತಿಸಿ, ಆ ಶಿಶುಗಳಿಗೆ ಮುಂದೆ ಏನಾಯಿತು ಎಂಬುದರೊಡನೆ ಹೋಲಿಸಿ, ಕೆಳಮುಖವಾಗಿ ಇಳಿಯುವ ಎರಡು ಗೆರೆಗಳನ್ನು ಎಳೆದರು. ಇದರಿಂದ ಮೂರು ವಲಯಗಳಾದವು. ಕೆಳವಲಯದ ಶಿಶುವಿಗೆ ರೋಗವಿಲ್ಲ ಅಥವಾ ಲಘುವಾಗಿದೆ, ಕಾಯಬಹುದು. ನಡುವಲಯದ್ದನ್ನು ಮತ್ತೆ ಮತ್ತೆ ಪರೀಕ್ಷಿಸಿ ಹೆರಿಗೆಯ ದಿನವನ್ನು ನಿರ್ಧರಿಸಬೇಕು. ಮೇಲಿನ ವಲಯದ್ದು ಸಾವಿನ ಹೊಸ್ತಿಲಲ್ಲಿದೆ.

ಇಲ್ಲಿ ಒಂದು ಅಂಶವನ್ನು ಒತ್ತಿ ಹೇಳಬೇಕು. ನಕ್ಷೆಯ ಮೊದಲ ಉಪಕಾರ ಯಾವುದೇ ಚಿಕಿತ್ಸೆಯಲ್ಲ, ಚಿಕಿತ್ಸೆಯಿಂದ ಕೈತಡೆದದ್ದು. ಭಯದಿಂದ ಅಕಾಲದಲ್ಲಿ ಹೊರತೆಗೆಯಲ್ಪಡುತ್ತಿದ್ದ ಅನೇಕ ಶಿಶುಗಳು ದಿನ ತುಂಬುವವರೆಗೆ ಗರ್ಭದಲ್ಲಿ ಉಳಿಯುವಂತಾಯಿತು. ಇಂತಹ ಸಾಧನೆಗೆ ಚಿತ್ರವಿಲ್ಲ, ಪತ್ರಿಕೆಯ ಶೀರ್ಷಿಕೆಯಿಲ್ಲ. ಇತಿಹಾಸಕಾರನ ಕಣ್ಣಿಗೂ ಬೀಳುವುದಿಲ್ಲ. ವಿಧಾನಕ್ಕೆ ದೋಷವಿರಲಿಲ್ಲ ಎಂದಲ್ಲ. ದ್ರವವನ್ನು ಸೆಳೆಯುವ ಸೂಜಿ ಮಾಸಿಗೆ ತಗುಲಿದರೆ ಶಿಶುವಿನ ರಕ್ತ ಮತ್ತಷ್ಟು ತಾಯಿಗೆ ಸೇರಿ ಪ್ರತಿಕಾಯ ಹೆಚ್ಚುವ ಅಪಾಯವಿತ್ತು. ಅಲ್ಲದೆ ನಕ್ಷೆಯು ಸುಮಾರು ಇಪ್ಪತ್ತೇಳನೆಯ ವಾರದಿಂದೀಚಿನ ಬಸಿರುಗಳಿಗಷ್ಟೇ ಅನ್ವಯಿಸುತ್ತಿತ್ತು. ಅದಕ್ಕೂ ಹಿಂದಿನ ವಾರಗಳಿಗೆ ವಿಸ್ತರಿಸಿದ ನಕ್ಷೆಯನ್ನು ಅಮೆರಿಕದ ಜಾನ್ ಕ್ವೀನನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದರು.

ನಕ್ಷೆಯು ಒಂದು ಸಂಕಟವನ್ನೂ ತಂದಿತು. ಮೇಲಿನ ವಲಯದಲ್ಲಿದ್ದು, ಹೊರತೆಗೆಯಲಾರದಷ್ಟು ಎಳೆಯದಾದ ಶಿಶುಗಳನ್ನು ಅದು ಸ್ಪಷ್ಟವಾಗಿ ಗುರುತಿಸುತ್ತಿತ್ತು. ಮೊದಲು ತಿಳಿಯದೆ ಕಳೆದುಕೊಳ್ಳುತ್ತಿದ್ದುದನ್ನು ಈಗ ತಿಳಿದೂ ಕಳೆದುಕೊಳ್ಳಬೇಕಾಯಿತು. ಗರ್ಭದಲ್ಲಿಯೇ ರಕ್ತ ನೀಡುವ ಯೋಚನೆ ಬಂದದ್ದು ಈ ಸ್ಥಿತಿಯಲ್ಲಿ. ದಾರಿ ತೋರಿದ್ದು ಎರಡು ಸಂಗತಿಗಳು. ಗರ್ಭದ್ರವವನ್ನು ಸೆಳೆಯುವಾಗ ಸೂಜಿ ಆಕಸ್ಮಿಕವಾಗಿ ಶಿಶುವಿನ ಹೊಟ್ಟೆಯನ್ನು ಹೊಕ್ಕರೂ ಶಿಶುವಿಗೆ ಹಾನಿಯಾಗದಿದ್ದುದು ಒಂದು. ಆಫ್ರಿಕಾದಲ್ಲಿ ಕುಡುಗೋಲುಕಣ ರೋಗದ ಮಕ್ಕಳಿಗೆ ರಕ್ತನಾಳದ ಬದಲು ಹೊಟ್ಟೆಯ ಪೊಳ್ಳಿಗೆ ರಕ್ತ ನೀಡುತ್ತಾರೆಂಬುದನ್ನು ಅಲ್ಲಿನ ಅನುಭವವಿದ್ದ ಕಿರಿಯ ತಳಿವಿಜ್ಞಾನಿಯೊಬ್ಬರಿಂದ ಕೇಳಿ ತಿಳಿದದ್ದು ಇನ್ನೊಂದು. ಹೊಟ್ಟೆಯ ಪೊಳ್ಳಿಗೆ ಬಿದ್ದ ಕೆಂಪು ಕಣಗಳನ್ನು ವಪೆಯ ಕೆಳಗಿನ ದುಗ್ಧನಾಳಗಳು ಹೀರಿ, ಒಡೆಯದೆ, ರಕ್ತಪ್ರವಾಹಕ್ಕೆ ಸೇರಿಸುತ್ತವೆ.

ಆಗ ಗರ್ಭವನ್ನು ನೋಡಲು ಇಂದಿನ ಸ್ಕ್ಯಾನಿಂಗ್ ಸೌಲಭ್ಯವಿರಲಿಲ್ಲ. ಇಯಾನ್ ಡೊನಾಲ್ಡ್ ಗ್ಲಾಸ್ಗೋದಲ್ಲಿ ಶ್ರವಣಾತೀತ ಧ್ವನಿಯ ಪ್ರಯೋಗಗಳನ್ನು ಪ್ರಕಟಿಸಿ ಕೆಲವೇ ವರ್ಷಗಳಾಗಿದ್ದವು. ಲೈಲಿ ಎಕ್ಸ್-ಕಿರಣಕ್ಕೆ ಕಾಣುವ ದ್ರಾವಣವನ್ನು ಮೊದಲೇ ಗರ್ಭದ್ರವಕ್ಕೆ ಸೇರಿಸುತ್ತಿದ್ದರು. ಶಿಶುವು ಅದನ್ನು ನುಂಗುತ್ತದೆ. ಚಿತ್ರದಲ್ಲಿ ಅದರ ಕರುಳು ಮೂಡುತ್ತದೆ. ಆ ಗುರುತನ್ನೇ ಗುರಿಯಾಗಿಟ್ಟು, ತಾಯಿಯ ಹೊಟ್ಟೆ ಮತ್ತು ಗರ್ಭಕೋಶಗಳ ಗೋಡೆಯನ್ನು ಹಾಯ್ದು, ಸೂಜಿಯನ್ನು ಶಿಶುವಿನ ಹೊಟ್ಟೆಗೆ ತಲುಪಿಸಿ, ಅದರೊಳಗಿನಿಂದ ಸಣ್ಣ ನಳಿಕೆಯೊಂದನ್ನು ತೂರಿಸಿ, ‘ಓ’ ಗುಂಪಿನ ನೆಗೆಟಿವ್ ರಕ್ತಕಣಗಳನ್ನು ನಿಧಾನವಾಗಿ ಬಿಡುವುದು ಕ್ರಮ. ಮೊದಲ ಮೂರು ಯತ್ನಗಳಲ್ಲಿ ಶಿಶುಗಳು ಉಳಿಯಲಿಲ್ಲ. ಬೇರೆ ಭರವಸೆಯೇ ಇಲ್ಲದ ಆ ತಾಯಂದಿರು ಒಪ್ಪಿಗೆ ನೀಡಿದರೆಂಬುದನ್ನು ನೆನೆಯದೆ ನಾಲ್ಕನೆಯ ಯಶಸ್ಸನ್ನು ಮಾತ್ರ ಹೇಳುವುದು ಇತಿಹಾಸಕ್ಕೆ ಒಪ್ಪುವುದಿಲ್ಲ. ವರದಿಯು ನವೆಂಬರ್ ತಿಂಗಳಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಆಗಲೇ ಮೈಯೆಲ್ಲ ಊದಿಕೊಂಡ ಶಿಶುಗಳಲ್ಲಿ ಹೊಟ್ಟೆಯ ಪೊಳ್ಳಿನಿಂದ ರಕ್ತ ಸರಿಯಾಗಿ ಹೀರಲ್ಪಡುತ್ತಿರಲಿಲ್ಲವಾದ್ದರಿಂದ ಅವುಗಳಿಗೆ ಈ ವಿಧಾನ ಹೆಚ್ಚು ಒದಗಲಿಲ್ಲ. 1981ರಲ್ಲಿ ಲಂಡನ್ನಿನ ಚಾರ್ಲ್ಸ್ ರೋಡೆಕ್ ಅಂತರ್ದರ್ಶಕದ ನೆರವಿನಿಂದ ಶಿಶುವಿನ ರಕ್ತನಾಳಕ್ಕೇ ರಕ್ತ ನೀಡಿದ ಮೇಲೆ, 1983ರಲ್ಲಿ ಪ್ಯಾರಿಸ್ಸಿನ ಫರ್ನಾಂಡ್ ಡ್ಯಾಫೋಸ್ ಸ್ಕ್ಯಾನಿಂಗ್ ನೋಟದಲ್ಲಿ ಹೊಕ್ಕುಳಬಳ್ಳಿಯನ್ನು ತಲುಪುವ ಕ್ರಮವನ್ನು ತೋರಿದ ಮೇಲೆ ಈ ಮಿತಿ ದಾಟಿತು.

ಲೈಲಿಯವರ ಸಾರ್ವಜನಿಕ ಜೀವನದ ಇನ್ನೊಂದು ಮುಖವನ್ನು ಬಿಡುವಂತಿಲ್ಲ. ಶಿಶುವು ಗರ್ಭದಲ್ಲಿ ನುಂಗುತ್ತದೆ, ಹೊರಳುತ್ತದೆ, ಸೂಜಿಗೆ ಪ್ರತಿಕ್ರಿಯಿಸುತ್ತದೆ ಎಂಬ ತಮ್ಮ ವೀಕ್ಷಣೆಗಳಿಂದ ಅವರು ಗರ್ಭಪಾತದ ವಿರುದ್ಧ ದೃಢವಾದ ನಿಲುವಿಗೆ ಬಂದರು. 1970ರಲ್ಲಿ ನ್ಯೂಜಿಲೆಂಡಿನಲ್ಲಿ ಆರಂಭವಾದ ಗರ್ಭಪಾತವಿರೋಧಿ ಸಂಘಟನೆಯ ಮುಂದಾಳುಗಳಲ್ಲಿ ಒಬ್ಬರಾದರು. ವಿರೋಧಿಗಳು ಈ ಕಾರಣಕ್ಕೆ ಅವರ ವಿಜ್ಞಾನವನ್ನು ಕಿರಿದುಗೊಳಿಸಿದ್ದೂ, ಬೆಂಬಲಿಗರು ಅದೇ ಕಾರಣಕ್ಕೆ ಹಿಗ್ಗಿಸಿದ್ದೂ ಉಂಟು. ವೀಕ್ಷಣೆಗಳು ಶರೀರಕ್ರಿಯೆಗೆ ಸಂಬಂಧಿಸಿದವು. ಅವುಗಳಿಂದ ತೆಗೆದ ನಿರ್ಣಯವು ನೀತಿಗೆ ಸಂಬಂಧಿಸಿದ್ದು. ಒಂದರ ತೂಕವನ್ನು ಇನ್ನೊಂದಕ್ಕೆ ಹೇರದೆ ಓದುವುದು ಲೇಸು. 1973ರಲ್ಲಿ ಅವರಿಗೆ ‘ಸರ್’ ಪದವಿ ಬಂದಿತು. 1983ರ ಜೂನ್‌ನಲ್ಲಿ, ಐವತ್ತನಾಲ್ಕನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಅಷ್ಟರಲ್ಲಿ ವ್ಯಾಧಿಯೇ ವಿರಳವಾಗತೊಡಗಿತ್ತು. ತಾಯಿಯ ದೇಹ ಕಲಿಯುವ ಮೊದಲೇ ಶಿಶುವಿನ ಕಣಗಳನ್ನು ಹೊರಗಿನಿಂದ ನೀಡಿದ ಪ್ರತಿಕಾಯದಿಂದ ಅಳಿಸಿಹಾಕಬಹುದೆಂಬ ಯೋಚನೆಯನ್ನು, ಒಬ್ಬರನ್ನೊಬ್ಬರು ಅರಿಯದೆ, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಸಿರಿಲ್ ಕ್ಲಾರ್ಕ್ ಮತ್ತು ರೊನಾಲ್ಡ್ ಫಿನ್ ಅವರ ತಂಡವೂ, ನ್ಯೂಯಾರ್ಕ್ ಕಡೆ ವಿನ್ಸೆಂಟ್ ಫ್ರೀಡಾ, ಜಾನ್ ಗೋರ್ಮನ್, ವಿಲಿಯಂ ಪೊಲಾಕ್ ಅವರೂ ಬೆಳೆಸಿದರು. ಕ್ಲಾರ್ಕ್ ಚಿಟ್ಟೆಗಳ ಅನುವಂಶೀಯತೆಯ ಅಧ್ಯಯನದಿಂದ ರಕ್ತದ ಗುಂಪುಗಳತ್ತ ಹೊರಳಿದವರು. ಅಮೆರಿಕದ ಪ್ರಯೋಗಗಳು ನಡೆದದ್ದು ಸಿಂಗ್‌ಸಿಂಗ್ ಸೆರೆಮನೆಯ ಸ್ವಯಂಸೇವಕ ಕೈದಿಗಳ ಮೇಲೆ. ಹೆರಿಗೆಯಾದ 72 ಗಂಟೆಗಳೊಳಗೆ ಚುಚ್ಚುಮದ್ದು ನೀಡಬೇಕೆಂಬ ನಿಯಮದ ಮೂಲವೂ ಅಲ್ಲಿಯೇ: ಸೆರೆಮನೆಯ ಅಧಿಕಾರಿಗಳು ಸಂಶೋಧಕರಿಗೆ ಒಳಬರಲು ನೀಡುತ್ತಿದ್ದ ಅನುಮತಿಯ ಅಂತರ ಅಷ್ಟಾಗಿತ್ತು. ಇಂದು ಪ್ರತಿ ಪ್ರಸೂತಿಗೃಹದ ನಿಯಮಾವಳಿಯಲ್ಲಿರುವ ಈ ಸಂಖ್ಯೆಗೆ ಜೈವಿಕ ಕಾರಣಕ್ಕಿಂತ ಸೆರೆಮನೆಯ ಬೀಗವೇ ಹೆಚ್ಚು ಕಾರಣ. 1968ರಲ್ಲಿ ಅಮೆರಿಕದಲ್ಲಿ ಈ ಆಂಟಿ-ಡಿ ಚುಚ್ಚುಮದ್ದಿಗೆ ಪರವಾನಗಿ ದೊರೆಯಿತು.

ಈ ಮದ್ದನ್ನು ಬಹುಕಾಲ ಮನುಷ್ಯರ ರಕ್ತದಿಂದಲೇ ಪಡೆಯಬೇಕಾಗಿತ್ತು. ಮೊದಮೊದಲು ಮಕ್ಕಳನ್ನು ಕಳೆದುಕೊಂಡ ತಾಯಂದಿರ ರಕ್ತವೇ ಅದರ ಮೂಲ. ತಡೆಗಟ್ಟುವಿಕೆ ಯಶಸ್ವಿಯಾದಂತೆ ಅಂತಹ ತಾಯಂದಿರು ವಿರಳರಾಗಿ, ಸ್ವಯಂಸೇವಕರಲ್ಲಿ ಉದ್ದೇಶಪೂರ್ವಕವಾಗಿ ಪ್ರತಿಕಾಯ ಬೆಳೆಸಬೇಕಾಯಿತು. ಆಸ್ಟ್ರೇಲಿಯದ ಜೇಮ್ಸ್ ಹ್ಯಾರಿಸನ್ ಅರವತ್ತಕ್ಕೂ ಹೆಚ್ಚು ವರ್ಷಗಳ ಅವಧಿಯಲ್ಲಿ 1,173 ಬಾರಿ ಹೀಗೆ ದಾನ ಮಾಡಿ, 2018ರಲ್ಲಿ ನಿಲ್ಲಿಸಿ, 2025ರಲ್ಲಿ ತೀರಿಕೊಂಡರು.

ಲೈಲಿಯವರ ನಕ್ಷೆಯ ಬಳಕೆ ಕ್ರಮೇಣ ಹಿಂದೆ ಸರಿಯಿತು. ರಕ್ತಹೀನ ಶಿಶುವಿನ ಮೆದುಳಿನ ಧಮನಿಯಲ್ಲಿ ತೆಳುವಾದ ರಕ್ತವು ಹೆಚ್ಚು ವೇಗದಿಂದ ಹರಿಯುತ್ತದೆ. ಡಾಪ್ಲರ್ ಮೂಲಕ ಆ ವೇಗವನ್ನು ಅಳೆದರೆ ಸೂಜಿಯೇ ಬೇಡವೆಂದು ಜಿಯಾನ್‌ಕಾರ್ಲೊ ಮಾರಿ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದರು. 2006ರಲ್ಲಿ ಎರಡೂ ವಿಧಾನಗಳನ್ನು ನೇರವಾಗಿ ಹೋಲಿಸಿದ ಅಧ್ಯಯನವು ಡಾಪ್ಲರ್ ಪರವಾಗಿ ತೀರ್ಪು ನೀಡಿತು. ಈ ಹೊಸ ವಿಧಾನದ ಚಿತ್ರವನ್ನು ನೋಡಿದವರಿಗೆ ಹಳೆಯ ನಕ್ಷೆಯ ನೆನಪಾಗದಿರದು: ಅಡ್ಡಲಾಗಿ ವಾರಗಳು, ಲಂಬವಾಗಿ ಮಾಪನ, ನಡುವೆ ಅಪಾಯವನ್ನು ಬೇರ್ಪಡಿಸುವ ಗೆರೆ.

ಆಂಟಿ-ಡಿ ಬಂದು ಅರ್ಧ ಶತಮಾನ ಕಳೆದ ಮೇಲೂ, ಜಗತ್ತಿನಲ್ಲಿ ಅದು ಬೇಕಾದ ತಾಯಂದಿರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ದೊರೆಯುತ್ತಿಲ್ಲವೆಂದು 2020ರಲ್ಲಿ ಪ್ರಕಟವಾದ ಸಮೀಕ್ಷಾ ಪ್ರಬಂಧವೊಂದು ಅಂದಾಜಿಸಿದೆ. ರಕ್ತದ ಗುಂಪನ್ನು ಪರೀಕ್ಷಿಸದ ಹೆರಿಗೆ, ಲೆಕ್ಕಕ್ಕೆ ಬಾರದ ಗರ್ಭಸ್ರಾವ, ಕೈಗೆಟುಕದ ಬೆಲೆ ಇವು ಅದಕ್ಕೆ ಕಾರಣಗಳು. ತಾಯಿಯ ದೇಹ ಒಮ್ಮೆ ಪ್ರತಿಕಾಯವನ್ನು ಕಲಿತ ಮೇಲೆ ಚುಚ್ಚುಮದ್ದಿನಿಂದ ಪ್ರಯೋಜನವಿಲ್ಲ. ಅಂತಹ ತಾಯಿ ಮುಂದಿನ ಬಸಿರಿನಲ್ಲಿ ವೈದ್ಯರ ಬಳಿ ಬಂದಾಗ ಏಳುವುದು 1961ರ ಪ್ರಶ್ನೆಯೇ: ಈ ಶಿಶು ಕಾಯಬಲ್ಲುದೆ, ಇಲ್ಲವೆ?